ಅಕ್ಕ ಬಿಟ್ಟ ಮೂಲೆ

“ತೋಳು ಮೇಲೆ ಸರಿಸಮ್ಮ. ಎಡಗೈ ಕೊಡು.”

“ಬೇಡ ವಾರ್ಡನಮ್ಮ,” ಎಂದಳು ಹುಡುಗಿ. “ಬೇರೆ ಏನು ಬೇಕಾದ್ರೂ ಕೇಳಿ, ಹೇಳ್ತೀನಿ. ಕೈ ಮಾತ್ರ ಬೇಡ.”

ಅರ್ಧ ಆಯಸ್ಸು ಹೆಂಗಸರ ಜೈಲಿನಲ್ಲಿ ಬೀಗದ ಕೈ ಗೊಂಚಲು ಹಿಡಿದು ತಿರುಗಿದವಳು ನಾನು. ಬೇಡ ಎಂಬ ಮಾತಿಗೆ ಬೆಲೆ ಕೊಡುವ ಅಭ್ಯಾಸ ಅಲ್ಲೇ ಬಿಟ್ಟುಹೋಯಿತು. ನಿವೃತ್ತಿಯಾಗಿ ಪತ್ತೇದಾರಿಕೆಗೆ ಇಳಿದ ಮೇಲೂ ಜನ ನನ್ನನ್ನು ವಾರ್ಡನಮ್ಮ ಎಂದೇ ಕರೆಯುತ್ತಾರೆ. ನಾನೂ ಹಾಗೇ ನಡೆದುಕೊಳ್ಳುತ್ತೇನೆ.

“ನಾಳೆ ಬೆಳಿಗ್ಗೆ ಡಾಕ್ಟರುಗಳು ಬಂದು ನಿನಗೆ ತಲೆ ಸರಿ ಇಲ್ಲ ಅಂತ ಬರೆದುಕೊಟ್ರೆ ಏನಾಗುತ್ತೆ ಗೊತ್ತಾ?” ಎಂದೆ. “ನೀನು ಬೀಗ ಹಾಕಿದ ವಾರ್ಡಿಗೆ ಹೋಗ್ತೀಯ. ನಿನ್ನ ಹೇಳಿಕೆ ಕಸದ ಬುಟ್ಟಿಗೆ ಹೋಗುತ್ತೆ. ನಿಮ್ಮಕ್ಕನ್ನ ಕೂಡಿಹಾಕಿ ಕೊಂದವರು ಎದೆ ಸೆಟೆಸಿಕೊಂಡು ಓಡಾಡ್ತಾರೆ. ಬೇಕಾ ಅದು? ಕೊಡು ಕೈ.”

ಕೊಟ್ಟಳು. ಆದರೆ ಮುಖ ಆ ಕಡೆ ತಿರುಗಿಸಿದಳು.

ಅವಳ ಅಕ್ಕ ಸತ್ತು ಎರಡು ತಿಂಗಳಾಗಿತ್ತು. ನಾವು ಕೂತಿದ್ದ ಪರೀಕ್ಷೆಯ ಕೋಣೆಯ ಗೋಡೆಯಾಚೆಗೇ ಪ್ರಯೋಗಾಲಯದ ಕೋಲ್ಡ್ ರೂಮು. ಸಂಜೆ ಔಷಧಿ ಬಾಟಲಿ ಇಡಲು ಒಳಗೆ ಹೋದವಳನ್ನು ಮರುದಿನ ಬೆಳಿಗ್ಗೆ ಬಾಗಿಲಿಗೆ ಒರಗಿ ಕೂತ ಭಂಗಿಯಲ್ಲೇ ಹೊರಗೆ ತೆಗೆದರು. ಒಳಗಿನಿಂದ ಬಾಗಿಲು ತೆರೆಯುವ ಹಿಡಿ ಕಳಚಿ ಕಪಾಟಿನ ಅಡಿಯಲ್ಲಿ ಬಿದ್ದಿತ್ತು. ಹಳೇ ಸ್ಕ್ರೂ, ಸವೆದುಹೋಗಿತ್ತು ಎಂದು ಪೊಲೀಸರು ಕಡತ ಮುಚ್ಚಿದರು. ಆ ಸಂಜೆ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರು ಕೋಲ್ಡ್ ರೂಮಿನ ಮುಂದಿನ ಓಣಿಯಿಂದ ಬರುವುದನ್ನು ಕಣ್ಣಾರೆ ಕಂಡೆ ಎಂದವಳು ಈ ತಂಗಿ ಒಬ್ಬಳೇ.

ಪ್ರೊಫೆಸರು ಎದುರಿಗೇ ಕೂತಿದ್ದರು. ನರೆತ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಯಾರಿಗೂ ಎತ್ತರದ ದನಿಯಲ್ಲಿ ಮಾತಾಡದ ಮನುಷ್ಯ. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬಾಗಿಲ ಬಳಿ ಹುಡುಗಿಯ ಗಂಡ ನಿಂತಿದ್ದ. ಇದೇ ಕಟ್ಟಡದಲ್ಲಿ ಇಲಿಗಳನ್ನು ಸಾಕುವ ಕೋಣೆ ಅವನ ಜವಾಬ್ದಾರಿ. ಹೆಂಡತಿಯನ್ನು ಡಾಕ್ಟರುಗಳಿಗೆ ತೋರಿಸಬೇಕೆಂದು ಅರ್ಜಿ ಕೊಟ್ಟವನೂ ಅವನೇ.

“ನನಗೇನು ಆಸೆಯಾ ಮೇಡಂ?” ಎಂದು ಅವನು ಅರ್ಜಿ ಕೊಟ್ಟ ದಿನವೇ ನನ್ನೆದುರು ಅತ್ತಿದ್ದ. “ಪಾತ್ರೆ ತೊಳೆಯೋಕೆ ಬೆಚ್ಚಗಿನ ನೀರು ಬಿಟ್ಕೊಂಡ್ರೆ ಕಿರುಚ್ತಾಳೆ. ಏನಾಯ್ತೇ ಅಂದ್ರೆ, ಅಕ್ಕ ಕೈ ಹಿಡ್ಕೊಂಡ್ಲು ಅಂತಾಳೆ. ನೋಡಿದ್ರೆ ಕೈ ಮೇಲೆ ಒಂದು ಗೆರೆನೂ ಇರಲ್ಲ. ಅತ್ತಿಗೆ ದೆವ್ವ ಆಗಿದ್ದಾಳೆ ಅಂತ ನಾನು ಯಾರಿಗೆ ಹೇಳಲಿ?”

ದೆವ್ವ ಪವ್ವ ನಂಬುವ ಪೈಕಿ ನಾನಲ್ಲ. ಆದರೆ ಆ ಕೋಣೆಯಲ್ಲಿ ಕೂತರೆ ಯಾರಿಗಾದರೂ ಬೆನ್ನು ತಣ್ಣಗಾಗುತ್ತದೆ. ಸತ್ತವಳ ಬಿಳಿ ಕೋಟು ಇನ್ನೂ ಗೂಟಕ್ಕೆ ನೇತಾಡುತ್ತಿತ್ತು, ಜೇಬಿಗೆ ಸಿಕ್ಕಿಸಿದ ಕೂದಲಿನ ಕ್ಲಿಪ್ಪಿನ ಸಮೇತ. ತೆಗೆಯುವ ಧೈರ್ಯ ಯಾರೂ ಮಾಡಿರಲಿಲ್ಲ. ಗೋಡೆಯಾಚೆ ಕೋಲ್ಡ್ ರೂಮಿನ ಮೋಟಾರು ಆಗಾಗ ಶುರುವಾಗುತ್ತಿತ್ತು. ಪ್ರತಿ ಸಲವೂ ಮೊದಲು ಧಡ್ ಧಡ್ ಎಂದು ಬಡಿದು, ಆಮೇಲೆ ಗುಂಯ್‌ಗುಡುತ್ತಿತ್ತು. ಬಡಿದಾಗಲೆಲ್ಲ ಹುಡುಗಿ ಬಾಗಿಲ ಕಡೆ ನೋಡುತ್ತಿದ್ದಳು. ಒಂದು ಸಲ ನಾನೂ ತಿರುಗಿ ನೋಡಿದೆ, ನೋಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

“ಪ್ರೊಫೆಸರೇ, ನನಗೆ ಹೇಳಿದ್ದನ್ನ ಇವರಿಬ್ಬರಿಗೂ ಇನ್ನೊಂದು ಸಲ ಹೇಳಿ,” ಎಂದೆ. “ನಿಮ್ಮ ಆ ಬಾಟಲಿಯ ವಿಷಯ.”

ಅವರು ಪಾಠ ಮಾಡುವ ದನಿಗೆ ಬಂದರು. “ನರಕ್ಕೆ ಗ್ರೋತ್ ಫ್ಯಾಕ್ಟರ್ ಅಂತ ಇರುತ್ತೆ. ಬೆಳೆಸೋ ಪದಾರ್ಥ ಅಂದ್ಕೊಳ್ಳಿ. ಮಗು ಹೊಟ್ಟೇಲಿರುವಾಗ ನೋವಿನ ನರಗಳು ಇದರ ಮೇಲೇ ಬದುಕೋದು. ಸಿಕ್ಕಿದ್ದು ಉಳಿಯುತ್ತೆ, ಸಿಗದೇ ಇದ್ದದ್ದು ಸಾಯುತ್ತೆ. ದೊಡ್ಡವರಾದ ಮೇಲೆ ಇದರ ಕೆಲಸ ಬೇರೆ. ಎಲ್ಲಿ ಗಾಯ ಆಗುತ್ತೋ ಅಲ್ಲಿ ಮೈ ಇದನ್ನ ಸುರಿಸುತ್ತೆ. ಆಗ ಆ ಜಾಗದ ನರ ಮುಂಗೋಪಿ ಆಗಿಬಿಡುತ್ತೆ. ಬೆಚ್ಚಗಿನ ನೀರು ತಾಕಿದ್ರೂ ಸುಟ್ಟೆ ಸುಟ್ಟೆ ಅಂತ ಕೂಗುತ್ತೆ.”

“ನನ್ನ ಜಾತಿ ಅನ್ನಿ.”

ಅವರು ನಗಲಿಲ್ಲ. “ಇದರದೇ ಬಳಗದ ಇನ್ನೊಂದಿದೆ, ಅದು ತಣ್ಣಗಿನದಕ್ಕೆ ಹಾಗೆ ಮಾಡುತ್ತೆ. ಸತ್ತ ಹುಡುಗಿ ಬಿಸಿಯದರ ಮೇಲೆ ಕೆಲಸ ಮಾಡ್ತಿದ್ಲು. ಒಪ್ಪಿಕೊಂಡು ಬಂದವರ ಕೈಯಲ್ಲಿ ಚರ್ಮದೊಳಗೆ ಒಂದು ಹನಿ ಬಿಡ್ತೀವಿ. ಊದಲ್ಲ, ಕೆಂಪಾಗಲ್ಲ. ಬಿಸಿಗೆ ಮಾತ್ರ ಉರಿಯುತ್ತೆ. ಒಂದೆರಡು ವಾರ ಇದ್ದು ಇಳಿದುಹೋಗುತ್ತೆ.”

ಹುಡುಗಿಯ ಗಂಡ ಬಾಯಿ ತೆರೆದವನು ಹಾಗೇ ನಿಂತ. “ಅಂದ್ರೆ ಇವಳ ಕೈಗೆ ಯಾರೋ…?”

“ಈಗ ಗೊತ್ತಾಗುತ್ತೆ,” ಎಂದೆ. “ಇಲ್ಲಿ ಚುಚ್ಚೋದಕ್ಕೂ ಒಂದು ಕ್ರಮ ಇದೆ. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಎರಡು ಸಾಲು, ಸಾಲಿಗೆ ಮೂರು. ಐದಕ್ಕೆ ಔಷಧಿ. ಒಂದಕ್ಕೆ ಬರೀ ಉಪ್ಪುನೀರು, ಕೈ ಕೊಟ್ಟವರು ಸುಳ್ಳು ಹೇಳ್ತಿದ್ದಾರಾ ಅಂತ ನೋಡೋಕೆ. ಆ ಒಂದು ಜಾಗ ಯಾವುದು ಅನ್ನೋದು ಚುಚ್ಚೋರಿಗೆ ಬಿಟ್ಟದ್ದು. ಅಡುಗೆಮನೇಲಿ ಒಬ್ಬೊಬ್ಬರೂ ಉಪ್ಪಿನ ಡಬ್ಬಿ ಒಂದೊಂದು ಕಡೆ ಇಡ್ತಾರಲ್ಲ, ಹಾಗೆ. ಕೈ ಪಳಗಿದ ಮೇಲೆ ಜಾಗ ಬದಲಾಗಲ್ಲ. ಅಲ್ವಾ ಪ್ರೊಫೆಸರೇ?”

“ಹೌದು.”

“ನಿಮ್ಮದು ಹೆಬ್ಬೆರಳ ಕಡೆ ಸಾಲಿನ ನಡುವಿನದು. ನಿಮ್ಮ ಕೈಯಲ್ಲಿ ಚುಚ್ಚಿಸಿಕೊಂಡವರನ್ನ ವಿಚಾರಿಸಿಯೇ ಬಂದಿದ್ದೀನಿ.”

ಅವರ ಹುಬ್ಬು ಮೇಲೇರಿತು, ಅಷ್ಟೆ. “ನನ್ನ ಮೇಲೆ ಅನುಮಾನ ಅಂತ ನೇರವಾಗಿಯೇ ಹೇಳಬಹುದಿತ್ತು.”

“ಹೇಳ್ತಾ ಇದ್ದೀನಲ್ಲ.”

ಮೇಜಿನ ಮೇಲೆ ಒಂದು ಸಣ್ಣ ಯಂತ್ರ, ಅದಕ್ಕೆ ತಂತಿ, ತಂತಿಯ ತುದಿಗೆ ಪೆನ್ನಿನ ಗಾತ್ರದ ಲೋಹದ ಕಡ್ಡಿ. ನಲವತ್ತು ಡಿಗ್ರಿಗೆ ಇಟ್ಟು ಮೊದಲು ನನ್ನ ಕೈಗೆ ಒತ್ತಿಕೊಂಡೆ. ಸ್ನಾನದ ನೀರಿನಷ್ಟು ಬಿಸಿ, ಹಿತವಾಗಿತ್ತು. ಹುಡುಗಿಯ ಮಣಿಕಟ್ಟಿನ ಬಳಿ, ಹೆಬ್ಬೆರಳ ಕಡೆ, ಮೆಲ್ಲಗೆ ತಾಕಿಸಿದೆ.

ಅವಳು ಕುರ್ಚಿಯಿಂದ ಅರ್ಧ ಮೇಲೆದ್ದಳು. ಕಿರುಚಲಿಲ್ಲ, ತುಟಿ ಕಚ್ಚಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿತು.

ಶಾಯಿಯಲ್ಲಿ ಒಂದು ಚುಕ್ಕೆ ಇಟ್ಟೆ. ಅರ್ಧ ಬೆರಳು ಪಕ್ಕಕ್ಕೆ ಸರಿದೆ, ಏನೂ ಇಲ್ಲ. ಕಿರುಬೆರಳ ಕಡೆಗೆ ಇನ್ನೂ ಸರಿದೆ, ಉರಿ. ಮತ್ತೊಂದು ಚುಕ್ಕೆ.  ಹೆಬ್ಬೆರಳ ಕಡೆ ಸಾಲಿನ ನಡುವಿಗೆ ಬಂದಾಗ ಪ್ರೊಫೆಸರ ಮುಖವನ್ನೇ ನೋಡುತ್ತಾ ಕಡ್ಡಿ ಒತ್ತಿದೆ. ಅಲ್ಲಿ ಅವಳು ಸುಮ್ಮನಿದ್ದರೆ ಈ ಮನುಷ್ಯ ಸಿಕ್ಕಿಬಿದ್ದ ಹಾಗೇ.

“ಅಮ್ಮಾ!” ಎಂದು ಕೈ ಕಿತ್ತುಕೊಂಡಳು.

ಅಲ್ಲೂ ಉರಿ. ಅದರ ಪಕ್ಕ, ಕಿರುಬೆರಳ ಕಡೆ ಸಾಲಿನ ನಡುವಿನದಕ್ಕೂ ಉರಿ. ಬಾಕಿ ಉಳಿದದ್ದು ಮೊಣಕೈ ಕಡೆಯ ಎರಡು. ಹೆಬ್ಬೆರಳ ಕಡೆಯದಕ್ಕೂ ಉರಿಯಿತು. ಕಿರುಬೆರಳ ಕಡೆಯ ಮೇಲಿನ ಮೂಲೆಗೆ ಕಡ್ಡಿ ಇಟ್ಟೆ, ಒತ್ತಿದೆ, ಒತ್ತಿ ಹಿಡಿದೆ.

“ಇಲ್ಲಿ?”

“ಇಲ್ಲಿ ಏನಿಲ್ಲ. ಬೆಚ್ಚಗಿದೆ.”

ಶಾಯಿಯ ಐದು ಚುಕ್ಕೆ ಮತ್ತು ಒಂದು ಖಾಲಿ ಮೂಲೆ. ಯಾವ ಮನುಷ್ಯರ ಬೆರಳೂ ಹಾಗೆ ಸಾಲಾಗಿ ಕೂರುವುದಿಲ್ಲ. ದೆವ್ವ ಅಲ್ಲ, ಸೂಜಿ! ಹುಡುಗಿಗೆ ತಲೆ ನೆಟ್ಟಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಹೇಳಲು ತಿರುಗಿದವಳು ಪ್ರೊಫೆಸರನ್ನು ಕಂಡು ನಿಂತೆ.

ಅವರು ಚುಕ್ಕೆಗಳನ್ನು ನೋಡುತ್ತಿರಲಿಲ್ಲ. ಗೂಟದಲ್ಲಿದ್ದ ಕೋಟನ್ನು ನೋಡುತ್ತಿದ್ದರು. ಮುಖದಲ್ಲಿ ಒಂದು ತೊಟ್ಟು ರಕ್ತ ಇರಲಿಲ್ಲ.

“ಆ ಮೂಲೆ ಅವಳದು,” ಎಂದರು.

“ಯಾರದು?”

“ಇವಳ ಅಕ್ಕನದು. ಈ ಲ್ಯಾಬಿನಲ್ಲಿ ಆ ಮೂಲೆ ಬಿಡ್ತಿದ್ದವಳು ಅವಳೊಬ್ಬಳೇ. ನಾನೇ ಎಷ್ಟೋ ಸಲ ಬೈದಿದ್ದೀನಿ, ಮೊಣಕೈ ಹತ್ತಿರ ಚರ್ಮ ಬೇರೆ, ಅಲ್ಲಿ ಉಪ್ಪುನೀರು ಹಾಕಬೇಡ ಅಂತ. ಕೇಳ್ತಿರಲಿಲ್ಲ.”

“ಎರಡು ತಿಂಗಳ ಹಿಂದೆ ಸತ್ತವಳು ಚುಚ್ಚಿದ್ದು ಈಗ ಉರಿಯೋದು ಹೇಗ್ರೀ? ಎರಡು ವಾರ ಅಂದ್ರಲ್ಲ ನೀವೇ?”

“ಅದೇ,” ಎಂದರು. “ಅದೇ ನನಗೂ ಗೊತ್ತಾಗ್ತಿಲ್ಲ.”

ಗೋಡೆಯಾಚೆ ಧಡ್ ಧಡ್ ಎಂದಿತು. ಪ್ರೊಫೆಸರು ಎರಡೂ ಕಿವಿ ಮುಚ್ಚಿಕೊಂಡರು. ಅಷ್ಟು ಓದಿದ, ಅಷ್ಟು ನಯವಾದ ಮನುಷ್ಯ, ಸಣ್ಣ ಮಗುವಿನ ಹಾಗೆ ಮುಚ್ಚಿಕೊಂಡು ಕೂತರು. ನನ್ನ ಜೈಲಿನ ಅನುಭವ ಎಚ್ಚೆತ್ತಿತು. ಮನುಷ್ಯ ಒಡೆಯುವ ಗಳಿಗೆ ನನಗೆ ಚೆನ್ನಾಗಿ ಗೊತ್ತು, ಆಗ ಉಸಿರು ಬಿಡಲೂ ಅವಕಾಶ ಕೊಡಬಾರದು.

“ಆ ಸಂಜೆ ನೀವು ಇಲ್ಲೇ ಇದ್ರಿ,” ಎಂದೆ.

“ಇದ್ದೆ.”

“ಮನೇಲಿದ್ದೆ ಅಂದಿದ್ದು ಸುಳ್ಳು.”

“ಸುಳ್ಳು.” ಕೈ ಕೆಳಗಿಳಿಸಿದರು. “ಬಾಗಿಲು ಹಾಕಿದ್ದು ನಾನಲ್ಲ. ನನ್ನ ಮಗಳಾಣೆ. ಕೊಡೆ ಮರೆತಿದ್ದೆ, ತಗೊಂಡು ಹೋಗೋಕೆ ಬಂದೆ. ಓಣೀಲಿ ಬರ್ತಿರುವಾಗ ಬಡಿಯೋ ಸದ್ದು ಕೇಳಿಸ್ತು. ಧಡ್ ಧಡ್. ಆಮೇಲೆ ಮತ್ತೆ ಧಡ್ ಧಡ್. ಇಪ್ಪತ್ತು ವರ್ಷದಿಂದ ಆ ಮೋಟಾರು ಹಾಗೇ ಬಡಿಯೋದು. ನಮಗ್ಯಾರಿಗೂ ಅದು ಕಿವಿಗೇ ಬೀಳಲ್ಲ. ಮೋಟಾರು ಅಂದ್ಕೊಂಡೆ, ಹೋಗಿಬಿಟ್ಟೆ. ದಾರೀಲಿ ಒಂದು ಸಲ ಅನ್ನಿಸ್ತು, ಬಡಿದ ಮೇಲೆ ಗುಂಯ್ ಅನ್ನಲಿಲ್ಲವಲ್ಲ ಅಂತ. ಆದರೂ ಹೋದೆ.”

 ಆ ಬಾಗಿಲಿನ ಇನ್ನೊಂದು ಬದಿಯಲ್ಲಿ, ಯಾರಾದರೂ ತೆಗೆದಾರೆಂದು ಕಾದು ಬಡಿಯುತ್ತಿದ್ದವಳು ನನ್ನ ಕಣ್ಣಿಗೆ ಕಟ್ಟಿದಳು. 

“ಎಷ್ಟು ಸಲ ಬಡಿದ್ಲು?” ಹುಡುಗಿ ಕೇಳಿದಳು.

“ನೆನಪಿಲ್ಲ ಮಗಳೇ.”

“ಕೂಗಲಿಲ್ವಾ?”

“ಆ ಬಾಗಿಲು ದಪ್ಪ. ಕೂಗಿದ್ರೂ ಕೇಳಲ್ಲ.”

ಅವಳು ತಲೆಯಾಡಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳ ಗಂಡ ಬಂದು ಭುಜ ಹಿಡಿಯಲು ಹೋದ, ಅವಳು ಸರಿದು ಕೂತಳು.

“ಇದನ್ನ ನಾಳೆ ಡಾಕ್ಟರುಗಳ ಮುಂದೆ ಹೇಳ್ತೀರಿ,” ಎಂದೆ ಪ್ರೊಫೆಸರಿಗೆ. “ಇವಳು ನಿಮ್ಮನ್ನ ನೋಡಿದ್ದು ನಿಜ ಅಂತ. ಇವಳ ಕೈಗೆ ಯಾರೋ ಔಷಧಿ ಹಾಕಿದ್ದಾರೆ ಅಂತ. ಹಿಂದೆಮುಂದೆ ನೋಡಿದ್ರೆ ನಿಮ್ಮ ಮನೆ ಬಾಗಿಲಲ್ಲಿ ಚಾಪೆ ಹಾಸ್ಕೊಂಡು ಕೂರ್ತೀನಿ.”

“ಹೇಳ್ತೀನಿ,” ಎಂದರು. ನಿಜವಾಗಿಯೂ ಹೇಳುವವರ ಹಾಗೇ ಕಂಡರು.

ಗೆದ್ದೆ ಎಂದುಕೊಂಡೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಬಂದಿದ್ದರೆ ಚೆನ್ನಾಗಿತ್ತು. ನನ್ನ ನಾಲಿಗೆ ಬಿಡಬೇಕಲ್ಲ!

“ಇನ್ನೊಂದೇ ಒಂದು. ಅವಳ ಆ ಮೂಲೆ ಇನ್ಯಾರಿಗೆ ಗೊತ್ತಿತ್ತು? ಅವಳ ಹತ್ತಿರ ಕಲಿತವರು ಯಾರು?”

ಪ್ರೊಫೆಸರು ಯೋಚಿಸಿದರು. ಗಂಡ ನೆಲ ನೋಡಿದ.

“ನಾನು,” ಎಂದಳು ಹುಡುಗಿ.

“ಏನು?”

“ನಾನು ಕಲಿತಿದ್ದೆ. ಮದುವೆಗೆ ಮುಂಚೆ ನಾನೂ ಅಕ್ಕನೂ ಒಂದೇ ರೂಮಲ್ಲಿ ಇದ್ವಿ. ಅವಳು ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡ್ತಿದ್ಲು. ನನ್ನ ಕೈಯಲ್ಲೂ ಸೂಜಿ ಹಿಡಿಸಿ, ಮೇಲಿಂದ ತಾನು ಹಿಡ್ಕೊಂಡು ಕಲಿಸಿದ್ಲು. ಆ ಮೂಲೆ ಬಿಡೇ ಕೋತಿ ಅಂತ ತಲೆ ಮೇಲೆ ಮೊಟಕ್ತಿದ್ಲು.” ಅವಳು ನನ್ನತ್ತ ನೋಡಿದಳು. “ಅದಕ್ಕೇ ಕೈ ಬೇಡ ಅಂದಿದ್ದು ವಾರ್ಡನಮ್ಮ. ಹೋದ ವಾರ ನಾನೇ ಹಾಕ್ಕೊಂಡೆ. ಅಕ್ಕನ ರೂಮಿನ ಫ್ರಿಜ್ಜಲ್ಲಿ ಒಂದು ಪುಟ್ಟ ಬಾಟಲಿ ಉಳಿದಿತ್ತು.”

ನನ್ನ ಕೈಯಲ್ಲಿದ್ದ ಕಡ್ಡಿ ಮೇಜಿನ ಮೇಲೆ ಬಿತ್ತು.

“ಯಾಕೇ?” ಎಂದೆ. 

“ಅವಳು ಹೋದ ಮೇಲೆ ನನಗೆ ಏನೂ ಗೊತ್ತೇ ಆಗ್ತಿರಲಿಲ್ಲ. ಒಲೆ ಹತ್ತಿರ ಕೈ ಹಿಡಿದ್ರೂ ಅಷ್ಟೆ, ನಲ್ಲಿ ಕೆಳಗೆ ಹಿಡಿದ್ರೂ ಅಷ್ಟೆ. ಊಟ ಹೋಗ್ಲಿ, ಅಳುನೂ ಬರ್ತಿರಲಿಲ್ಲ. ಅಕ್ಕ ಹೇಳ್ತಿದ್ಲು, ಇದು ಇದ್ದ ಕಡೆ ನರಕ್ಕೆ ಎಲ್ಲಾ ಜಾಸ್ತಿ ಗೊತ್ತಾಗುತ್ತೆ ಅಂತ. ಗಾಯ ಆದ ಕಡೆ ಮೈ ತಾನೇ ಸುರಿಸುತ್ತೆ ಅಂತ. ನನ್ನ ಮೈ ಸುರಿಸಲಿಲ್ಲ. ಅದಕ್ಕೆ ನಾನೇ ಹಾಕ್ಕೊಂಡೆ. ಚಿಕ್ಕವಳಿದ್ದಾಗ ರಸ್ತೆ ದಾಟಿಸೋವಾಗ ಅವಳ ಹೆಬ್ಬೆರಳು ಇಲ್ಲೇ ಒತ್ತುತ್ತಿತ್ತು.”

ನಾನು ಕಟ್ಟಿದ್ದೆಲ್ಲ ನನ್ನ ಕಣ್ಣೆದುರೇ ಕುಸಿಯಿತು. ತನ್ನ ಕೈಗೆ ತಾನೇ ಸೂಜಿ ಚುಚ್ಚಿಕೊಂಡು, ಅಕ್ಕ ಹಿಡಿದಳು ಎನ್ನುವವಳ ಮಾತನ್ನು ಯಾವ ಡಾಕ್ಟರು ಕೇಳಿಯಾನು? ಅದೂ ಅವಳ ಬಾಯಿಂದಲೇ, ಅರ್ಜಿ ಕೊಟ್ಟ ಗಂಡನ ಎದುರೇ ಹೊರಡಿಸಿದ ಪುಣ್ಯಾತ್ಗಿತ್ತಿ ನಾನು. ಅವನು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಸುಮ್ಮನೆ ಕೂರಲಾಗದೆ ಮೇಜಿನ ಮೇಲೆ ಆರುತ್ತಿದ್ದ ನನ್ನ ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಎರಡು ಗುಟುಕು ಕುಡಿದೆ. ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು.  ಹತ್ತಿರ ಹೋಗಿ ಅವಳ ಕತ್ತಿನ ಹಿಂಭಾಗ ಸವರಿದೆ.

ಅವಳು ಕೋಣೆ ನಡುಗುವಂತೆ ಕಿರುಚಿದಳು.

ನಾನು ಕೈ ಹಿಂದೆಗೆದೆ. ಟೀ ಲೋಟದ ಬಿಸಿ ನನ್ನ ಅಂಗೈಯಲ್ಲಿ ಇನ್ನೂ ಇತ್ತು. ಕೂದಲು ಸರಿಸಿ ನೋಡಿದೆ. ಕತ್ತಿನ ಮೇಲೆ ಒಂದು ಕಲೆ ಇಲ್ಲ, ಒಂದು ಗೀರಿಲ್ಲ.

“ಇಲ್ಲೂ ಹಾಕ್ಕೊಂಡ್ಯಾ?”

“ಅಲ್ಲಿಗೆ ನನ್ನ ಕೈ ಹೇಗಮ್ಮ ಹೋಗುತ್ತೆ?”

“ಮತ್ತೆ?”

“ಅದು ನಿನ್ನೆ ರಾತ್ರಿ ಬಂದಿದ್ದು.”

“ಬಂದಿದ್ದು ಅಂದ್ರೆ ಏನೇ? ಕೈ ಮೇಲಿನ ಐದೂ ನೀನೇ ತಾನೇ ಹಾಕ್ಕೊಂಡಿದ್ದು?”

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗದಂತೆ ಕಂಡಿತು. ಶಾಯಿಯ ಚುಕ್ಕೆಗಳಲ್ಲಿ ಮಣಿಕಟ್ಟಿನ ಬಳಿಯ ಮೊದಲನೆಯದರ ಪಕ್ಕ ಬೆರಳಿಟ್ಟಳು. “ನಾನು ಹಾಕ್ಕೊಂಡಿದ್ದು ಇದೊಂದೇ. ಬಾಟಲೀಲಿ ಇದ್ದದ್ದೇ ಅಷ್ಟು. ಮಿಕ್ಕಿದ್ದೆಲ್ಲ ಆಮೇಲೆ ಬಂದವು. ರಾತ್ರಿ ಮಲಗಿ ಬೆಳಿಗ್ಗೆ ಏಳೋ ಹೊತ್ತಿಗೆ ಒಂದೊಂದೇ ಜಾಸ್ತಿ ಆಗ್ತಿತ್ತು.” ಆ ಮುಖದಲ್ಲಿ ಆ ಸಂಜೆ ಮೊದಲ ಬಾರಿಗೆ ಒಂದು ನಗು ಕಂಡಿತು. “ನಾನು ಕರೆದೆ. ಅವಳಿಗೆ ಕೇಳಿಸ್ತು.”

ನನ್ನ ಕೂದಲು ನಿಮಿರಿತು. ದೆವ್ವಕ್ಕೆ ಹೆದರಿ ಅಲ್ಲ. ಈ ಊರಲ್ಲಿ ಯಾರದೋ ಜೇಬಿನಲ್ಲಿ ಆ ಬಾಟಲಿಯೂ ಸೂಜಿಯೂ ಇದ್ದವು. ಆ ಯಾರೋ ಇವಳು ನಿದ್ದೆ ಹೋದ ಮೇಲೆ ಮಗ್ಗುಲಲ್ಲಿ ಕೂತು, ಸತ್ತವಳ ಕೈಚಳಕವನ್ನು ಚುಕ್ಕೆಗೆ ಚುಕ್ಕೆ ನಕಲು ಮಾಡಿದ್ದರು. ಈಗ ಅವರು ಕೈ ಬಿಟ್ಟು ಕತ್ತಿಗೆ ಬಂದಿದ್ದರು.

“ರಾತ್ರಿ ಚುಚ್ಚಿದ್ರೆ ಎಚ್ಚರ ಆಗಲ್ವಾ ನಿನಗೆ?”

ಉತ್ತರ ಬಾಗಿಲ ಕಡೆಯಿಂದ ಬಂತು. ಅವಳ ಗಂಡ ಕಣ್ಣು ಒರೆಸಿಕೊಂಡು, ಅಂಗಿಯ ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದಿದ್ದ. “ಇವಳಿಗೆ ನಿದ್ದೇನೇ ಇರಲಿಲ್ಲ ಮೇಡಂ. ಪ್ರೊಫೆಸರ್ ಸಾರ್ ತಮಗೆ ಗೊತ್ತಿರೋ ಡಾಕ್ಟರ ಹತ್ತಿರ ಇದನ್ನ ಬರೆಸಿಕೊಟ್ರು. ಈಗ ಕೊಟ್ರೆ ಬೆಳಿಗ್ಗೆ ತನಕ ಮಿಸುಕಾಡಲ್ಲ.” ಅವನು ಕಿಟಕಿಯಾಚೆ ಇಳಿಯುತ್ತಿದ್ದ ಬಿಸಿಲು ನೋಡಿದ. “ಹೊತ್ತಾಯ್ತು. ಏಳೇ, ಮನೆಗೆ ಹೋಗೋಣ.”

ನಾನು ಪ್ರೊಫೆಸರತ್ತ ನೋಡಿದೆ. ಅವರು ಅವನತ್ತ ನೋಡುತ್ತಿದ್ದರು. ಅವನು ಅವರತ್ತ ನೋಡುತ್ತಿದ್ದ.

“ಇವತ್ತು ಇವಳು ನನ್ನ ಮನೇಲಿ ಇರ್ತಾಳೆ,” ಎಂದು ಅವಳ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. “ಯಾರು ತಡೀತೀರೋ ನೋಡ್ತೀನಿ.”

ತಡೆದವಳು ಅವಳೇ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ನನಗೆ ನೋವಾಗದ ಹಾಗೆ.

“ಬಿಡಿ ವಾರ್ಡನಮ್ಮ, ನಾನು ಹೋಗಬೇಕು,” ಎಂದಳು. “ರಾತ್ರಿ ಅಕ್ಕ ಬಂದು ನಾನಿಲ್ಲದೇ ಇದ್ರೆ ಬಾಗಿಲು ಬಡೀತಾಳೆ. ಅವಳು ಬಡಿದಾಗ ಈ ಸಲನೂ ಯಾರೂ ತೆಗೀದೇ ಇರೋದು ಬೇಡ.”